ಜಿಮ್ಮಿ ಕಾರ್ಟರ್: ಸೋತ ಮೇಲೆ ದೊಡ್ಡವರಾದರಾ, ಮೊದಲೇ ಹಾಗಿದ್ದರಾ?

ವಿಕ್ರೋಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದ ಮುಂದಿನ ಭೇಟಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಬಗ್ಗೆ ಮಾತಾಡೋಣ ಅಂತ ಗೊತ್ತುಮಾಡಿದ್ದೇವೆ. ಅದಕ್ಕೆ ಮೊದಲು ಇಲ್ಲೇ ಒಂದಿಷ್ಟು ಚರ್ಚೆ ಆಗಲಿ.

2024ರ ಡಿಸೆಂಬರ್ 29ಕ್ಕೆ ಅವರು ತೀರಿಕೊಂಡಾಗ ನೂರು ವರ್ಷ ತುಂಬಿತ್ತು. ಆಗ ಎಲ್ಲ ಕಡೆ ಒಂದೇ ಮಾತು: ಅಧ್ಯಕ್ಷರಾಗಿ ಸೋತರು, ಮಾಜಿ ಆದ ಮೇಲೆ ಗೆದ್ದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಅಧಿಕಾರದಲ್ಲಿದ್ದಾಗ ಮಾಡಿದ ಕೆಲಸವನ್ನೇ ಅವರು ಆಮೇಲೂ ಮಾಡಿದರು. ಅದೇ ಹಠ, ಅದೇ ರೀತಿ. ಬದಲಾಗಿದ್ದು ಒಂದೇ, ಮತ್ತೆ ಚುನಾವಣೆ ಗೆಲ್ಲಬೇಕು ಅನ್ನುವ ಚಿಂತೆ ಹೋಯಿತು.

ನಾನಿರುವ ಮುಂಬಯಿಯ ವಿಕ್ರೋಲಿಗೂ ಆ ಮನೆತನಕ್ಕೂ ಒಂದು ನಂಟಿದೆ. ಕಾರ್ಟರ್ ತಾಯಿ ಲಿಲಿಯನ್ ನರ್ಸ್ ಆಗಿದ್ದವರು. 1966ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕ ಸರ್ಕಾರದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್ ಸೇರಿ ಇಲ್ಲಿಗೆ ಬಂದರು. ಗೋದ್ರೆಜ್ ಕಾಲೊನಿಯಲ್ಲಿ ಕುಟುಂಬ ಯೋಜನೆಯ ಕೆಲಸ, ಆಮೇಲೆ ದವಾಖಾನೆಯಲ್ಲಿ ರೋಗಿಗಳ ಆರೈಕೆ. ಕುಷ್ಠ ರೋಗಿಗಳನ್ನೂ ನೋಡಿಕೊಂಡರು. ಊರಿನಲ್ಲಿ ಸ್ವಂತ ಮನೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಇದ್ದ ಹೆಂಗಸು. ಮಗ ಜಾರ್ಜಿಯಾದ ಗವರ್ನರ್ ಆಗಲು ಹೊರಟು ಪಕ್ಷದೊಳಗಿನ ಚುನಾವಣೆಯಲ್ಲೇ ಸೋತದ್ದೂ ಅದೇ ವರ್ಷ. ಆಮೇಲೆ ಮಗ ಅಧ್ಯಕ್ಷನಾದ. 1977ರ ಫೆಬ್ರವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಅಂತ್ಯಕ್ರಿಯೆಗೆ ಅಮೆರಿಕ ಕಳಿಸಿದ್ದು ಈ ತಾಯಿಯನ್ನೇ.

ಈಗ ಕ್ಯಾಂಪ್ ಡೇವಿಡ್‌ಗೆ, ಅಂದರೆ ಅಮೆರಿಕ ಅಧ್ಯಕ್ಷರ ವಿಶ್ರಾಂತಿ ತಾಣದಲ್ಲಿ ನಡೆದ ಶಾಂತಿ ಮಾತುಕತೆಗೆ ಬರುತ್ತೇನೆ. 1978ರ ಸೆಪ್ಟೆಂಬರ್ 5ರಿಂದ 17. ಈಜಿಪ್ಟಿನ ಅನ್ವರ್ ಸಾದತ್, ಇಸ್ರೇಲಿನ ಮೆನಾಕೆಮ್ ಬೆಗಿನ್. ಎರಡೂ ದೇಶ 1948, 1956, 1967, 1973ರಲ್ಲಿ ಯುದ್ಧ ಮಾಡಿದ್ದವು. ಮೊದಲ ಮೂರು ದಿನ ಇಬ್ಬರನ್ನೂ ಎದುರುಬದುರು ಕೂರಿಸಿದರು. ಬರೀ ಜಗಳ. ಆಮೇಲೆ ಕಾರ್ಟರ್ ಇಬ್ಬರನ್ನೂ ಬೇರೆ ಬೇರೆ ಮನೆಗಳಲ್ಲೇ ಬಿಟ್ಟು, ತಾವೇ ಕರಡು ಹಿಡಿದುಕೊಂಡು ಅತ್ತಿಂದಿತ್ತ ಓಡಾಡಿದರು. ಒಂದೇ ಕರಡು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರಿಗೆ ತೋರಿಸುವುದು, ಅವರು ತಿದ್ದಿದ್ದನ್ನು ಮತ್ತೆ ಇವರಿಗೆ. ಹೀಗೆ 23 ಸಲ ತಿದ್ದಿದ್ದಾಯಿತು. ಕೊನೆಕೊನೆಗೆ ಸಾದತ್ ಪೆಟ್ಟಿಗೆ ಕಟ್ಟಿ ಹೊರಟೇಬಿಟ್ಟಿದ್ದರು. ಕಾರ್ಟರ್ ತಾವೇ ಸಾದತ್ ಮನೆಗೆ ಹೋಗಿ ತಡೆದರು.

ಕೊನೆಯ ದಿನ ಬೆಗಿನ್ ಸರದಿ. ಜೆರುಸಲೇಂ ಬಗೆಗಿನ ಒಂದು ಪತ್ರಕ್ಕೆ ಸಿಟ್ಟಾಗಿ, ಸಹಿ ಹಾಕುವುದಿಲ್ಲ ಅಂದರು. ತಮ್ಮ ಮೊಮ್ಮಕ್ಕಳಿಗೆ ಅಂತ ಮೂವರೂ ಇರುವ ಫೋಟೋಗಳಿಗೆ ಕಾರ್ಟರ್ ಸಹಿ ಬೇಕು ಅಂತ ಬೆಗಿನ್ ಕೇಳಿದ್ದರು. ಕಾರ್ಟರ್ ಸುಮ್ನೆ ಸಹಿ ಗೀಚಿ ಕೊಡಲಿಲ್ಲ. ಆ ಮಕ್ಕಳ ಹೆಸರು ತರಿಸಿಕೊಂಡು, ಒಂದೊಂದು ಫೋಟೋ ಮೇಲೆ ಒಂದೊಂದು ಹೆಸರು ಬರೆದು, ತಾವೇ ತೆಗೆದುಕೊಂಡು ಹೋದರು. ಬೆಗಿನ್ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತಾ ಹೋದರು. ತುಟಿ ನಡುಗಿತು, ಕಣ್ಣು ತುಂಬಿತು. ಅವತ್ತೇ ಸಂಜೆ ಸಹಿ ಆಯಿತು.

ಫೋಟೋದಿಂದಲೇ ಒಪ್ಪಂದ ಆಯಿತು ಅನ್ನುವುದು ನನ್ನ ವಾದವಲ್ಲ. ಆ ಪತ್ರದ ಮಾತುಗಳನ್ನೂ ಕಾರ್ಟರ್ ತಿದ್ದಿಕೊಟ್ಟರು. ಆದರೆ ಎದುರಿಗಿರುವವನ ಮೊಮ್ಮಕ್ಕಳ ಹೆಸರು ತಿಳಿದುಕೊಳ್ಳುವಷ್ಟು ಪುರುಸೊತ್ತು ಮಾಡಿಕೊಂಡ ಅಧ್ಯಕ್ಷರು ಇವರು. 1979ರ ಮಾರ್ಚ್ 26ಕ್ಕೆ ಶಾಂತಿ ಒಪ್ಪಂದವೇ ಆಯಿತು. ಇಸ್ರೇಲ್ ಹಿಡಿದಿದ್ದ ಸಿನಾಯ್ ಪ್ರದೇಶ ಈಜಿಪ್ಟಿಗೆ ವಾಪಸ್ ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಆ ಎರಡು ದೇಶಗಳ ನಡುವೆ ಇನ್ನೊಂದು ಯುದ್ಧ ಆಗಿಲ್ಲ. ಇದನ್ನು ಸೋಲು ಅಂತ ಹೇಗೆ ಕರೆಯುತ್ತೀರಿ?

ಮುಲುಂಡ್ ಇಂಜಿನಿಯರ್

ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಅರ್ಧ ಚಿತ್ರ ಮಾತ್ರ ಬಂದಿದೆ. ಉಳಿದರ್ಧ ನಾನು ಬರೆಯುತ್ತೇನೆ.

1977ರ ಡಿಸೆಂಬರ್ 31ರ ರಾತ್ರಿ ಕಾರ್ಟರ್ ಟೆಹ್ರಾನಿನಲ್ಲಿದ್ದರು. ಇರಾನಿನ ದೊರೆ ಷಾ ಜೊತೆ ಹೊಸ ವರ್ಷದ ಊಟ. ಆ ದೇಶವನ್ನು ಸ್ಥಿರತೆಯ ದ್ವೀಪ ಅಂತ ಹೊಗಳಿದರು. ಷಾ ಅವರ ರಹಸ್ಯ ಪೊಲೀಸರು ಜನರಿಗೆ ಏನು ಮಾಡುತ್ತಿದ್ದರು ಅಂತ ಅವರಿಗೆ ಗೊತ್ತಿರಲಿಲ್ಲವಾ? ಅಲ್ಲಿಂದ ನೇರ ದಿಲ್ಲಿಗೆ ಬಂದರು. ಮೊರಾರ್ಜಿ ದೇಸಾಯಿ ಜೊತೆ ಮಾತುಕತೆ ಆದ ಮೇಲೆ, ಮೈಕ್ ಆನ್ ಇರುವುದು ತಿಳಿಯದೆ ತಮ್ಮ ವಿದೇಶಾಂಗ ಮಂತ್ರಿಗೆ ಹೇಳಿದರು, ಭಾರತಕ್ಕೆ ತಣ್ಣಗೆ, ಖಡಕ್ಕಾಗಿ ಒಂದು ಪತ್ರ ಬರೆಯಬೇಕು ಅಂತ. ವಿಷಯ ಅಣು ಇಂಧನ. ನಮ್ಮ ತಾರಾಪುರ ಸ್ಥಾವರ 1969ರಲ್ಲಿ ಶುರುವಾಗಿದ್ದೇ ಅಮೆರಿಕ ಇಂಧನ ಕೊಡುತ್ತದೆ ಅನ್ನುವ ಒಪ್ಪಂದದ ಮೇಲೆ. 1978ರಲ್ಲಿ ಕಾರ್ಟರ್ ಸಹಿ ಹಾಕಿದ ಹೊಸ ಕಾನೂನು ಮೊದಲೇ ಕೊಟ್ಟಿದ್ದ ಆ ಮಾತನ್ನೂ ಬದಲಾಯಿಸಿತು. ಮುಂಬಯಿ ಕಡೆ ಕರೆಂಟಿನ ವಿಷಯ ಇದು, ದೂರದ ರಾಜಕೀಯ ಅಲ್ಲ.

ಇನ್ನು ಅಫ್ಘಾನಿಸ್ತಾನ. ಸೋವಿಯತ್ ಸೇನೆ ಒಳಗೆ ಬಂದಿದ್ದು 1979ರ ಡಿಸೆಂಬರ್‌ನಲ್ಲಿ. ಅಲ್ಲಿನ ಬಂಡುಕೋರರಿಗೆ ಗುಟ್ಟಾಗಿ ನೆರವು ಕೊಡಲು ಕಾರ್ಟರ್ ಸಹಿ ಹಾಕಿದ್ದು ಜುಲೈನಲ್ಲೇ. ಮೊದಲು ಕೊಟ್ಟಿದ್ದು ಬಂದೂಕಲ್ಲ, ಸರಿ. ಆದರೆ ಬಾಗಿಲು ತೆರೆದಿದ್ದು ಅವರೇ ತಾನೆ? ಪೂರ್ವ ತಿಮೋರಿನಲ್ಲಿ ಇಂಡೋನೇಷ್ಯಾ ಜನರನ್ನು ಕೊಲ್ಲುತ್ತಿದ್ದಾಗ ಅದಕ್ಕೆ ಆಯುಧ ಮಾರಿದ್ದೂ ಇದೇ ಮಾನವ ಹಕ್ಕುಗಳ ಸರ್ಕಾರ. ಶಾಂತಿದೂತ ಅನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡೊಂಬಿವಲಿ ಟೀಚರ್

ತಾರಾಪುರದ ವಿಷಯದಲ್ಲಿ ಒಂದು ಸೇರಿಸುತ್ತೇನೆ. 1980ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ ಬೇಡ ಅಂದರೂ ಕಾರ್ಟರ್ 38 ಟನ್ ಇಂಧನ ಕಳಿಸಲು ಒಪ್ಪಿದರು. ಕೆಳಮನೆ ವಿರೋಧಿಸಿತು. ಸೆನೆಟ್‌ನಲ್ಲಿ 48-46ರಲ್ಲಿ ಉಳಿದುಕೊಂಡಿತು. ಎರಡೇ ವೋಟಿನ ಅಂತರ. ಚುನಾವಣೆಯ ವರ್ಷದಲ್ಲಿ ಭಾರತಕ್ಕಾಗಿ ಇಷ್ಟು ಗುದ್ದಾಡಿದರು ಅನ್ನುವುದೂ ನಿಜ.

ವಿಕ್ರೋಲಿ ಪೂರ್ವ

ಟೀಚರ್, ಧನ್ಯವಾದ. ಮುಲುಂಡ್ ಸರ್, ತಿಮೋರ್ ವಿಷಯದಲ್ಲಿ ನನ್ನ ಹತ್ತಿರ ಸಮರ್ಥನೆ ಇಲ್ಲ. ಅದು ಕಪ್ಪು ಚುಕ್ಕೆಯೇ. ಷಾ ವಿಷಯವೂ ಅಷ್ಟೇ.

ಆದರೆ ಇರಾನಿನ ಮುಂದಿನ ಕಥೆಯನ್ನೂ ನೋಡಿ. ಷಾ ಆಡಳಿತ ಬಿದ್ದ ಮೇಲೆ, 1979ರ ನವೆಂಬರ್ 4ರಂದು, ಇರಾನಿನ ವಿದ್ಯಾರ್ಥಿಗಳು ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಗೆ ನುಗ್ಗಿದರು. 52 ಜನ 444 ದಿನ ಸೆರೆಯಲ್ಲಿದ್ದರು. ಟೆಹ್ರಾನಿನ ಮೇಲೆ ನಾಲ್ಕು ಬಾಂಬ್ ಹಾಕಿದ್ದರೆ ಕಾರ್ಟರ್ ಚುನಾವಣೆ ಗೆಲ್ಲುತ್ತಿದ್ದರೋ ಏನೋ. ಸೆರೆಯಾಳುಗಳು ಮಾತ್ರ ಉಳಿಯುತ್ತಿರಲಿಲ್ಲ. ಬಿಡಿಸಿ ತರಲು 1980ರ ಏಪ್ರಿಲ್‌ನಲ್ಲಿ ಒಂದು ಕಾರ್ಯಾಚರಣೆ ಮಾಡಿದರು. ಅದು ಮರುಭೂಮಿಯಲ್ಲೇ ಕೆಟ್ಟು 8 ಸೈನಿಕರು ಸತ್ತರು. ಹೊಣೆ ತಮ್ಮದು ಅಂತ ಕಾರ್ಟರ್ ಟಿವಿಯಲ್ಲೇ ಹೇಳಿದರು. ಆಮೇಲೆ ಮಾತುಕತೆಯ ದಾರಿಯನ್ನೇ ಹಿಡಿದು ಕೂತರು. ನವೆಂಬರ್‌ನಲ್ಲಿ ರೇಗನ್ ಎದುರು 44 ರಾಜ್ಯಗಳಲ್ಲಿ ಸೋತರು. ಸೋತ ಮೇಲೂ ಕೊನೆಯ ರಾತ್ರಿಯವರೆಗೆ ಅದೇ ಕೆಲಸ. ರೇಗನ್ ಪ್ರಮಾಣ ವಚನ ಮುಗಿದ ಕೆಲವೇ ನಿಮಿಷಕ್ಕೆ ಅವರನ್ನು ಬಿಟ್ಟರು. 52 ಜನರೂ ಜೀವಂತ ಮನೆಗೆ ಬಂದರು. ಹೆಸರು ಇನ್ನೊಬ್ಬರಿಗೆ ಹೋಯಿತು.

ಘಾಟ್‌ಕೋಪರ್ ಅಕ್ಕ

ನೀವಿಬ್ಬರೂ ಯುದ್ಧ, ಒಪ್ಪಂದ ಅಂತ ಮಾತಾಡುತ್ತಿದ್ದೀರಿ. ನಾನು ನಾರು ಹುಣ್ಣಿನ ಬಗ್ಗೆ ಬರೆಯುತ್ತೇನೆ. ಕಾರ್ಟರ್ ಅಂದರೆ ನನಗೆ ಮೊದಲು ನೆನಪಾಗುವುದು ಅದೇ.

ನನ್ನ ತವರು ಬಿಜಾಪುರ ಕಡೆ. ಈಗಿನ ಹುಡುಗರಿಗೆ ಆ ರೋಗದ ಹೆಸರೇ ಗೊತ್ತಿಲ್ಲ. ನಮ್ಮ ಅಜ್ಜಿ ಕಂಡವರು. ಮೆಟ್ಟಿಲು ಬಾವಿಯ ನೀರು ಕುಡಿಯುತ್ತಿದ್ದ ಊರುಗಳಲ್ಲಿ ಜಾಸ್ತಿ. ನೀರಿನಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ಜೀವಿ ಇರುತ್ತದೆ, ಅದರ ಹೊಟ್ಟೆಯಲ್ಲಿ ಈ ಹುಳದ ಮರಿ. ನೀರು ಕುಡಿದಾಗ ಒಳಗೆ ಹೋಗುತ್ತದೆ. ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಿನಲ್ಲಿ ಒಂದು ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟ ಹಾಗೆ ಉರಿ. ಬೊಬ್ಬೆ ಒಡೆದರೆ ಬಿಳಿ ದಾರದಂಥ ಹುಳದ ತುದಿ ಕಾಣುತ್ತದೆ. ಅದು ಒಂದು ಮೀಟರ್‌ವರೆಗೂ ಉದ್ದ. ಎಳೆದು ಕಿತ್ತರೆ ಒಳಗೇ ತುಂಡಾಗಿ ಕೀವು ತುಂಬುತ್ತದೆ. ಅದಕ್ಕೆ ಒಂದು ಕಡ್ಡಿಗೆ ತುದಿ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪ ಸುತ್ತುತ್ತಾ ಹೋಗಬೇಕು. ಕೆಲವರಿಗೆ ವಾರಗಟ್ಟಲೆ. ಸುಗ್ಗಿ ಕಾಲದಲ್ಲಿ ಗಂಡಸು ಕಾಲು ಚಾಚಿ ಕಟ್ಟೆ ಮೇಲೆ ಕೂತರೆ ಆ ಮನೆಯ ವರ್ಷದ ಜೋಳ ಹೋಯಿತು ಅಂತಲೇ ಲೆಕ್ಕ. ಉರಿ ತಾಳಲಾರದೆ ಕಾಲನ್ನು ಬಾವಿ ನೀರಿಗೆ ಇಳಿಬಿಟ್ಟರೆ ಹುಳ ಅಲ್ಲೇ ಮರಿ ಬಿಡುತ್ತದೆ. ಮುಂದಿನ ವರ್ಷಕ್ಕೆ ಊರಿಗೇ ರೋಗ.

ಇದಕ್ಕೆ ಲಸಿಕೆ ಇಲ್ಲ, ಕೊಲ್ಲುವ ಔಷಧಿಯೂ ಇಲ್ಲ. ಬಟ್ಟೆಯಲ್ಲಿ ನೀರು ಸೋಸಬೇಕು, ಹುಣ್ಣಿದ್ದವರು ನೀರಿಗೆ ಇಳಿಯಬಾರದು. ಅಷ್ಟೇ. ಆದರೆ ಅದನ್ನು ಮನೆಮನೆಗೆ ಹೋಗಿ ಹೇಳಬೇಕು, ವರ್ಷಾನುಗಟ್ಟಲೆ ಹೇಳಬೇಕು. ನಮ್ಮ ದೇಶದಲ್ಲಿ ನಮ್ಮ ಆರೋಗ್ಯ ಇಲಾಖೆಯ ಜನ ಮಾಡಿದರು. ಕರ್ನಾಟಕ, ಮಹಾರಾಷ್ಟ್ರ ಸೇರಿ ಏಳು ರಾಜ್ಯಗಳಲ್ಲಿ ಈ ರೋಗ ಇತ್ತು. ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತಕ್ಕೆ ಮುಕ್ತಿಯ ಪ್ರಮಾಣಪತ್ರ ಬಂತು. ಇದರ ಹೆಗ್ಗಳಿಕೆ ಕಾರ್ಟರ್‌ಗೆ ಕೊಡುವುದಿಲ್ಲ, ನಮ್ಮ ಊರೂರು ತಿರುಗಿದವರದ್ದು.

ಜಗತ್ತಿನ ಲೆಕ್ಕ ಬೇರೆ. 1986ರಲ್ಲಿ ಕಾರ್ಟರ್ ಕಟ್ಟಿದ ಸಂಸ್ಥೆ ಕಾರ್ಟರ್ ಸೆಂಟರ್ ಈ ಕೆಲಸಕ್ಕೆ ಇಳಿದಾಗ 21 ದೇಶಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ರೋಗ ಬರುತ್ತಿತ್ತು. 2023ರಲ್ಲಿ ಇಡೀ ಜಗತ್ತಿಗೆ 14. ಇದು ಓಟು ತರುವ ಕೆಲಸವಲ್ಲ. ಫೋಟೋ ಬರುವ ಕೆಲಸವೂ ಅಲ್ಲ. ಮಾಜಿ ಅಧ್ಯಕ್ಷರೊಬ್ಬರು ಸೋಸುವ ಬಟ್ಟೆಗಾಗಿ ಮಂತ್ರಿಗಳ ಬಾಗಿಲು ತಟ್ಟಿದರು.

ಇನ್ನೊಂದು ಮುಖ್ಯ ವಿಷಯ. 1995ರಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಆರೋಗ್ಯದವರು ಹಳ್ಳಿಗಳಿಗೆ ಹೋಗಲಾಗುತ್ತಿರಲಿಲ್ಲ. ಕಾರ್ಟರ್ ಹೋಗಿ ಎರಡೂ ಕಡೆಯವರನ್ನು ಒಪ್ಪಿಸಿ ಯುದ್ಧ ನಿಲ್ಲಿಸಿದರು. ಸುಮಾರು ಆರು ತಿಂಗಳು ನಿಂತಿತು. ಆ ಹೊತ್ತಿನಲ್ಲಿ ಸೋಸುವ ಬಟ್ಟೆ ಹಂಚಿದರು, ಮಕ್ಕಳಿಗೆ ಲಸಿಕೆ ಹಾಕಿದರು. ಒಂದು ಹುಳಕ್ಕಾಗಿ ಬಂದೂಕು ಕೆಳಗಿಟ್ಟರು. ಶಾಂತಿ ಅನ್ನುವುದನ್ನು ನಾನು ಅರ್ಥ ಮಾಡಿಕೊಂಡಿದ್ದು ಇಲ್ಲಿಂದ, ಕ್ಯಾಂಪ್ ಡೇವಿಡ್‌ನಿಂದಲ್ಲ.

ನೆರೂಲ್ ವಿದ್ಯಾರ್ಥಿ

ಅಕ್ಕ, ಇದು ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ! ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೇನೆ. ನನಗೆ ಒಂದು ಪ್ರಶ್ನೆ. ಸುಡಾನಿನಲ್ಲಿ, ಉತ್ತರ ಕೊರಿಯಾದಲ್ಲಿ, ಹೈಟಿಯಲ್ಲಿ ಅವರು ಕೂತು ಮಾತಾಡಿದ್ದು ಯಾರ ಜೊತೆ? ಜನರನ್ನು ಕೊಂದವರ ಜೊತೆ. ಅಂಥವರ ಕೈ ಕುಲುಕಿದರೆ ಅವರಿಗೆ ಗೌರವ ಕೊಟ್ಟ ಹಾಗೆ ಆಗುವುದಿಲ್ಲವಾ?

ವಿಕ್ರೋಲಿ ಪೂರ್ವ

ಒಳ್ಳೆ ಪ್ರಶ್ನೆ. ಹೈಟಿಯನ್ನೇ ತೆಗೆದುಕೊಳ್ಳಿ. 1994ರ ಸೆಪ್ಟೆಂಬರ್. ಚುನಾಯಿತ ಅಧ್ಯಕ್ಷ ಅರಿಸ್ಟಿಡ್‌ರನ್ನು ಓಡಿಸಿ ಸೇನಾಧಿಕಾರಿ ಸೆಡ್ರಾಸ್ ಕೂತಿದ್ದ. ಆಗಿನ ಅಮೆರಿಕ ಅಧ್ಯಕ್ಷ ಕ್ಲಿಂಟನ್ ದಾಳಿಗೆ ಸಿದ್ಧರಾಗಿದ್ದರು. ಕಾರ್ಟರ್, ಸೆನೆಟರ್ ಸ್ಯಾಮ್ ನನ್, ಜನರಲ್ ಕಾಲಿನ್ ಪೊವೆಲ್ ಮೂವರೂ ಹೋಗಿ ಮಾತಿಗೆ ಕೂತರು. ಮಾತು ಮುಗಿಯುವ ಮೊದಲೇ ಸೈನಿಕರನ್ನು ಹೊತ್ತ ವಿಮಾನಗಳು ಅಮೆರಿಕದಿಂದ ಹೊರಟಾಗಿತ್ತು. ಒಪ್ಪಿಗೆ ಸಿಕ್ಕಿತು, ವಿಮಾನಗಳು ಅರ್ಧ ದಾರಿಯಿಂದ ವಾಪಸ್ ತಿರುಗಿದವು. ಮುಂದಿನ ತಿಂಗಳು ಅರಿಸ್ಟಿಡ್ ಮರಳಿ ಬಂದರು. ಅವತ್ತು ಸಾಯಬೇಕಿದ್ದವರು ಸಾಯಲಿಲ್ಲ. ಕೈ ಕುಲುಕಿದ್ದರ ಬೆಲೆ ಅದು ಅಂತ ನನ್ನ ಅನಿಸಿಕೆ. ಆ ಕೊಲೆಗಾರರಿಗೆ ಶಿಕ್ಷೆಯಿಲ್ಲದೆ ದಾರಿ ಬಿಟ್ಟುಕೊಟ್ಟರು ಅನ್ನುವ ಕೋಪವೂ ನ್ಯಾಯವೇ. ಎರಡೂ ಒಟ್ಟಿಗೆ ನಿಜ.

ಮುಲುಂಡ್ ಇಂಜಿನಿಯರ್

ಉತ್ತರ ಕೊರಿಯಾ ವಿಷಯ ಇಷ್ಟು ಸುಲಭ ಅಲ್ಲ. 1994ರ ಜೂನ್‌ನಲ್ಲಿ ಕಿಮ್ ಇಲ್ ಸುಂಗ್ ಭೇಟಿಗೆ ಹೋದಾಗ ಅವರು ಸರ್ಕಾರದ ಪ್ರತಿನಿಧಿ ಆಗಿರಲಿಲ್ಲ. ಕ್ಲಿಂಟನ್ ಮನಸ್ಸಿಲ್ಲದೆ ಹೂಂ ಅಂದಿದ್ದರು. ಕಾರ್ಟರ್ ಅಲ್ಲಿಂದಲೇ ಟಿವಿಗೆ ಸಂದರ್ಶನ ಕೊಟ್ಟು, ಕಿಮ್ ಅಣು ಕಾರ್ಯಕ್ರಮ ನಿಲ್ಲಿಸಲು ಒಪ್ಪಿದ್ದಾರೆ ಅಂತ ಹೇಳಿಬಿಟ್ಟರು. ಶ್ವೇತಭವನದವರ ಕೈ ಕಟ್ಟಿಹಾಕಿದಂತೆ ಆಯಿತು. ಅದಕ್ಕೂ ಮೊದಲು 1990ರ ನವೆಂಬರ್‌ನಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಅನುಮತಿ ಕೊಡಬೇಡಿ ಅಂತ ಭದ್ರತಾ ಮಂಡಳಿಯ ದೇಶಗಳಿಗೆ ಪತ್ರ ಬರೆದರು. ತಮ್ಮದೇ ದೇಶದ ಸರ್ಕಾರದ ವಿರುದ್ಧ! ಚುನಾವಣೆಯಲ್ಲಿ ಜನ ಬೇಡ ಅಂದವರು ವಿದೇಶಾಂಗ ನೀತಿ ನಡೆಸಬಹುದಾ?

ಘಾಟ್‌ಕೋಪರ್ ಅಕ್ಕ

ಆ ಪತ್ರ ನನಗೂ ಸರಿ ಅನಿಸುವುದಿಲ್ಲ. ಆದರೆ ಕೊರಿಯಾದಲ್ಲಿ ಆ ಜೂನ್‌ನಲ್ಲಿ ಯುದ್ಧದ ಮಾತು ನಿಜವಾಗಿಯೂ ನಡೆದಿತ್ತು. ಕಿಮ್ ಜುಲೈ 8ಕ್ಕೆ ಸತ್ತರೂ ಅಕ್ಟೋಬರ್‌ನಲ್ಲಿ ಒಪ್ಪಂದ ಆಯಿತು. ಎಂಟು ವರ್ಷ ನಿಂತಿತು. ಆಮೇಲೆ ಮುರಿದಿದ್ದು ಬೇರೆಯವರ ಕೈಯಲ್ಲಿ.

ಮಾಟುಂಗದ ಹಿರಿಯ

ನಾನು ಮೈಸೂರು ಅಸೋಸಿಯೇಷನ್ ಸಭೆಗಳಲ್ಲಿ ಜಾರ್ಜ್ ಫರ್ನಾಂಡಿಸ್ ಬಗ್ಗೆ ವಾದ ಕೇಳಿ ಬೆಳೆದವನು. ಆದ್ದರಿಂದ ಈ ಚರ್ಚೆ ನೋಡಿದರೆ ಅವರೇ ಕಣ್ಣ ಮುಂದೆ ಬರುತ್ತಾರೆ.

ಮಂಗಳೂರಿನ ಹುಡುಗ. 1949ರಲ್ಲಿ ಕೈಯಲ್ಲಿ ಕಾಸಿಲ್ಲದೆ ಮುಂಬಯಿಗೆ ಬಂದು, ಟ್ಯಾಕ್ಸಿ ಚಾಲಕರನ್ನೂ ಪಾಲಿಕೆಯ ಕೆಲಸಗಾರರನ್ನೂ ಕಟ್ಟಿದವರು. 1967ರಲ್ಲಿ ಇದೇ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಕಾರ್ಟರ್ ದಿಲ್ಲಿಗೆ ಬಂದಾಗ ಜಾರ್ಜ್ ಕೈಗಾರಿಕಾ ಮಂತ್ರಿ. ಕೋಕಾಕೋಲಾ ಆಗ ತಾನೇ ಭಾರತ ಬಿಟ್ಟಿತ್ತು. ಆ ಕಂಪನಿಯ ಊರು ಅಟ್ಲಾಂಟಾ, ಕಾರ್ಟರ್ ಗವರ್ನರ್ ಆಗಿದ್ದ ರಾಜ್ಯದ ರಾಜಧಾನಿ. ಇಬ್ಬರೂ ಒಂದೇ ಕಾಲದಲ್ಲಿ ಅಧಿಕಾರದಲ್ಲಿದ್ದರು ಅನ್ನುವುದೇ ಕುತೂಹಲ.

ದಾರಿ ಮಾತ್ರ ಎದುರುಬದುರು. ಜಾರ್ಜ್ ವರ್ಷಾನುಗಟ್ಟಲೆ ಅಣುಬಾಂಬ್ ವಿರೋಧಿಸಿದವರು. ಟಿಬೆಟ್, ಬರ್ಮಾದ ಜನರ ಪರ ನಿಂತವರು. 1998ರಲ್ಲಿ ಪೋಖ್ರಾನ್ ಸ್ಫೋಟ ಆದಾಗ ಅವರೇ ರಕ್ಷಣಾ ಮಂತ್ರಿ, ಅದನ್ನು ಸಮರ್ಥಿಸಬೇಕಾಯಿತು. ಕಾರ್ಟರ್ ಅಣು ಜಲಾಂತರ್ಗಾಮಿ ವಿಭಾಗದ ನೌಕಾಧಿಕಾರಿಯಾಗಿ ಶುರು ಮಾಡಿ, ಸೇನೆಯ ದೊಡ್ಡ ಯಜಮಾನರಾಗಿ, ಕೊನೆಗೆ ಶಾಂತಿಯ ಕೆಲಸಕ್ಕೆ ಬಂದರು. ಜಾರ್ಜ್ ಶಾಂತಿ ಮೆರವಣಿಗೆಯಿಂದ ಹೊರಟು ಸೇನೆಯ ಹೊಣೆಗೆ ಬಂದರು. ಜಾರ್ಜ್ ಮೇಲೆ ನನಗೆ ಬೇಸರ ಇಲ್ಲ, ಸಿಯಾಚಿನ್‌ನಲ್ಲಿ ಸೈನಿಕರ ಕಷ್ಟ ಕಣ್ಣಾರೆ ನೋಡಲು ಮತ್ತೆ ಮತ್ತೆ ಹೋದ ಮಂತ್ರಿ ಅವರು. ನನ್ನ ಮಾತು ಇಷ್ಟೇ. ಕುರ್ಚಿಯಲ್ಲಿದ್ದವರಿಗೆ ಕೆಲವು ಮಾತು ಆಡಲು ಆಗುವುದಿಲ್ಲ. ಕಾರ್ಟರ್‌ಗೆ ಆ ಮಾತು ಆಡುವ ಸ್ವಾತಂತ್ರ್ಯ ಕೊಟ್ಟಿದ್ದು ಸೋಲೇ. 56ನೇ ವಯಸ್ಸಿಗೆ ಸೋತು ಊರಿಗೆ ಹೋದಾಗ ಕಡಲೆಕಾಯಿ ವ್ಯಾಪಾರ ಸಾಲದಲ್ಲಿ ಮುಳುಗಿತ್ತು. ಬೇರೆಯವರಾಗಿದ್ದರೆ ಕಂಪನಿಗಳ ಮಂಡಳಿ ಸೇರುತ್ತಿದ್ದರು. ಇವರು 1982ರಲ್ಲಿ ಹೆಂಡತಿ ರೋಸಲಿನ್ ಜೊತೆ ಸೇರಿ ಕಾರ್ಟರ್ ಸೆಂಟರ್ ಕಟ್ಟಿದರು.

ವಿಕ್ರೋಲಿ ಪೂರ್ವ

ಹಿರಿಯರೇ, ಇದಕ್ಕೆ ನಿಕಾರಾಗುವಾ ಸೇರಿಸಲೇಬೇಕು. 1990ರ ಫೆಬ್ರವರಿ. ಕ್ರಾಂತಿ ಮಾಡಿ ಬಂದ ಡೇನಿಯಲ್ ಒರ್ಟೆಗಾ ಚುನಾವಣೆ ಸೋತರು. ಯಾರೂ ನಿರೀಕ್ಷಿಸಿರಲಿಲ್ಲ. ಸೇನೆ ಅವರ ಕೈಯಲ್ಲಿತ್ತು, ಫಲಿತಾಂಶ ಒಪ್ಪದೆ ಇರಬಹುದಿತ್ತು. ವೀಕ್ಷಕರಾಗಿ ಹೋಗಿದ್ದ ಕಾರ್ಟರ್ ರಾತ್ರಿಯೇ ಅವರ ಹತ್ತಿರ ಹೋದರು. ನಾನು ಗೆದ್ದೂ ನೋಡಿದ್ದೇನೆ, ಸೋತೂ ನೋಡಿದ್ದೇನೆ, ಸೋತರೆ ಲೋಕವೇನೂ ಮುಳುಗುವುದಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಒರ್ಟೆಗಾ ಬೆಳಗ್ಗೆ ಸೋಲು ಒಪ್ಪಿಕೊಂಡರು.

ಈ ಮಾತನ್ನು ಗೆದ್ದವರು ಯಾರೂ ಹೇಳಲು ಬರುವುದಿಲ್ಲ. ಹೇಳಿದರೂ ನಾಟುವುದಿಲ್ಲ. ರೇಗನ್ ಎದುರು ಸೋತಿದ್ದೇ ಅವತ್ತು ಕೆಲಸಕ್ಕೆ ಬಂತು. ಆದರೂ ನನ್ನ ಮೊದಲ ಮಾತನ್ನು ಬಿಡುವುದಿಲ್ಲ. ಸಾದತ್ ಮನೆಗೆ ನಡೆದುಕೊಂಡು ಹೋದ ಕಾಲೇ ಒರ್ಟೆಗಾ ಮನೆಗೂ ಹೋಗಿದ್ದು.

ಚಿಂಚವಾಡ

ಪುಣೆಯಿಂದ ಒಂದು ಸಣ್ಣ ಸೇರ್ಪಡೆ. 2006ರಲ್ಲಿ ಕಾರ್ಟರ್ ದಂಪತಿ ಲೋನಾವಳ ಹತ್ತಿರ ಬಂದು ಬಡವರಿಗೆ ಮನೆ ಕಟ್ಟಿದರು. ದೇಶ ವಿದೇಶದ ಸ್ವಯಂಸೇವಕರು ಸೇರಿ ಒಂದು ವಾರದಲ್ಲಿ 100 ಮನೆ. ಅವರಿಗೆ ಆಗ 82 ವರ್ಷ. ರಿಬ್ಬನ್ ಕತ್ತರಿಸಿ ಹೋಗುವ ಅತಿಥಿಯಲ್ಲ, ಬಿಸಿಲಲ್ಲಿ ನಿಂತು ಗೋಡೆ ಕೆಲಸ ಮಾಡಿದರು. 1984ರಿಂದ ಪ್ರತಿವರ್ಷ ಎಲ್ಲಾದರೂ ಒಂದು ಕಡೆ ಹೀಗೆ ಮಾಡುತ್ತಿದ್ದರಂತೆ. ಲಿಲಿಯನ್ ವಿಕ್ರೋಲಿಯಲ್ಲಿದ್ದದ್ದು ಇವತ್ತೇ ತಿಳಿದಿದ್ದು. ತಾಯಿ ಘಾಟಿನ ಆ ಕಡೆ, ಮಗ ಈ ಕಡೆ.

ನೆರೂಲ್ ವಿದ್ಯಾರ್ಥಿ

ಪ್ಯಾಲೆಸ್ಟೀನ್ ಬಗ್ಗೆ ಯಾರೂ ಹೇಳಲಿಲ್ಲ. 1978ರ ಒಪ್ಪಂದದಲ್ಲಿ ಅವರಿಗೆ ಸ್ವಯಮಾಡಳಿತ ಅಂತ ಬರೆದಿತ್ತು ಅಲ್ವಾ? ಅದು ಆಗಲೇ ಇಲ್ಲ.

ಡೊಂಬಿವಲಿ ಟೀಚರ್

ಆಗಲಿಲ್ಲ. ಮಾತುಕತೆಯಲ್ಲಿ ಪ್ಯಾಲೆಸ್ಟೀನಿಯರು ಇರಲೇ ಇಲ್ಲ, ಅದೇ ದೊಡ್ಡ ಕೊರತೆ. ಸಾದತ್ ತಮ್ಮನ್ನು ಬಿಟ್ಟುಕೊಟ್ಟರು ಅಂತ ಅರಬ್ ದೇಶಗಳು ಸಿಟ್ಟಾಗಿ 1979ರಲ್ಲಿ ಈಜಿಪ್ಟನ್ನು ಅರಬ್ ಲೀಗ್‌ನಿಂದ ಹೊರಗೆ ಹಾಕಿದವು. 1981ರ ಅಕ್ಟೋಬರ್ 6ರಂದು ಸಾದತ್ ಕೊಲೆ ಆಯಿತು. ಆ ಬಾಕಿ ಕೆಲಸ ಕಾರ್ಟರ್ ಮನಸ್ಸಿನಲ್ಲಿ ಕೊನೆಯವರೆಗೂ ಕೊರೆಯುತ್ತಿತ್ತು ಅಂತ ಕಾಣುತ್ತದೆ. 2006ರಲ್ಲಿ ಆ ಬಗ್ಗೆ ಪುಸ್ತಕ ಬರೆದು ಇಸ್ರೇಲಿನ ನೀತಿಯನ್ನು ಕಟುವಾಗಿ ಟೀಕಿಸಿದರು. ಅವರ ಸಂಸ್ಥೆಯ ಸಲಹಾ ಮಂಡಳಿಯಿಂದ 14 ಜನ ರಾಜೀನಾಮೆ ಕೊಟ್ಟರು. ಹಳೆಯ ಸ್ನೇಹಿತರೇ ದೂರ ಆದರು. ಆದರೂ 2008ರಲ್ಲಿ ಹಮಾಸ್ ನಾಯಕರನ್ನೂ ಭೇಟಿಯಾದರು. ಇಷ್ಟು ಬೆಲೆ ತೆತ್ತು ಹೇಳಿದರಲ್ಲ, ಅದಕ್ಕಾಗಿ ನನಗೆ ಅವರ ಮೇಲೆ ಗೌರವ ಜಾಸ್ತಿ. 2002ರ ನೊಬೆಲ್‌ಗಿಂತ ಇದು ದೊಡ್ಡದು.

ಮುಲುಂಡ್ ಇಂಜಿನಿಯರ್

ನನ್ನ ಆಕ್ಷೇಪ ಹಾಗೇ ಇದೆ. ನಾರು ಹುಣ್ಣು, ನಿಕಾರಾಗುವಾ ಎರಡಕ್ಕೂ ನಾನು ಕೈ ಮುಗಿಯುತ್ತೇನೆ. ಆದರೆ ತಿಮೋರ್ ಜನರಿಗೆ ಇದರಿಂದ ಏನೂ ಸಿಗಲಿಲ್ಲ. ಸಭೆಯಲ್ಲಿ ಅದನ್ನು ಬಿಟ್ಟು ಬರೀ ಹೊಗಳಿಕೆ ಆದರೆ ನಾನು ಎದ್ದು ಕೇಳುತ್ತೇನೆ.

ವಿಕ್ರೋಲಿ ಪೂರ್ವ

ಎದ್ದು ಕೇಳುವುದು ಬೇಡ ಸರ್, ನೀವೇ ಮೊದಲು ಮಾತಾಡಿ. ತಿಮೋರ್, ಷಾ, ತಾರಾಪುರ ಮೂರೂ ನಿಮಗೆ. ಆಮೇಲೆ ಅಕ್ಕ ನಾರು ಹುಣ್ಣು ಮತ್ತು ಸುಡಾನ್. ಹಿರಿಯರು ಜಾರ್ಜ್ ಬಗ್ಗೆ. ನಾನು ಕ್ಯಾಂಪ್ ಡೇವಿಡ್, ಟೀಚರ್ ಪ್ಯಾಲೆಸ್ಟೀನ್. ಚಿಂಚವಾಡದವರು ಇಂದ್ರಾಯಣಿ ರೈಲು ಹಿಡಿದು ಬಂದರೆ ಲೋನಾವಳ ಅವರಿಗೆ. ನೆರೂಲ್ ಹುಡುಗ ಪ್ರಶ್ನೆ ಕೇಳಲಿ, ಯಾರಿಗೆ ಬೇಕಾದರೂ.